ಕಾಣುವ ಮುನ್ನ: ಪಂಢರಪುರದ ವಾರಿ ಮತ್ತು ಕ್ಯಾಮೆರಾ

ಆಷಾಢ ಶುದ್ಧ ಏಕಾದಶಿಯ ಹೊತ್ತಿಗೆ ಪಂಢರಪುರವನ್ನು ಸೇರುವಂತೆ ಮಹಾರಾಷ್ಟ್ರದ ಊರೂರುಗಳಿಂದಲೂ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಸೀಮೆಗಳಿಂದಲೂ ಭಕ್ತರು ಕಾಲ್ನಡಿಗೆಯಲ್ಲಿ ಹೊರಡುವ ಪದ್ಧತಿಗೆ ವಾರಿ ಎಂದೂ, ಅದನ್ನು ವ್ರತವಾಗಿ ಹಿಡಿದು ವರ್ಷ ತಪ್ಪಿಸದೆ ನಡೆಯುವವರಿಗೆ ವಾರಕರಿಗಳೆಂದೂ ಹೆಸರು. ಅಲ್ಲಿನ ದೇವರಾದ ವಿಠ್ಠಲನನ್ನು ಕಾಣುವುದು ಈ ನಡಿಗೆಯ ಗುರಿಯಾದರೂ, ಕಾಣುವುದಕ್ಕೆ ಮುಂಚಿನ ಹೊತ್ತನ್ನು ಬೇಕೆಂದೇ ಹಿಗ್ಗಿಸಿ ಅನುಭವಿಸುವ ಹಲವು ವಿಧಿಗಳು ಇದರೊಳಗೆ ಬೆಳೆದುಬಂದಿವೆ. ಇಪ್ಪತ್ತನೇ ಶತಮಾನದಲ್ಲಿ ಕ್ಯಾಮೆರಾ ಈ ದಾರಿಗೆ ಬಂದ ಮೇಲೆ ಆ ಕಾಯುವಿಕೆಗೆ ಇನ್ನೊಂದು ಎಳೆ ಸೇರಿ, ದೇವರನ್ನು ಕಾಣಲು ಹೊರಟವರು ತಮ್ಮ ನಡಿಗೆಯನ್ನೇ ತೆರೆಯ ಮೇಲೆ ಕಾಣುವ ಗಳಿಗೆಗೂ ಕಾಯುವಂತಾಯಿತು.

ಕ್ಷೇತ್ರದ ಹಳಮೆಗೆ ಕನ್ನಡದ ಸಾಕ್ಷ್ಯವೂ ಇದೆ. ಸಂಸ್ಕೃತ ಮತ್ತು ಕನ್ನಡಗಳಲ್ಲಿರುವ ಹೊಯ್ಸಳ ಸೋಮೇಶ್ವರನ ಕಾಲದ 1237ರ ಶಾಸನವು ಭೀಮರಥಿಯ, ಅಂದರೆ ಭೀಮಾ ನದಿಯ, ದಡದ ಪಂಡರಗೆ ಎಂಬ ಊರನ್ನೂ ಪುಂಡರೀಕ ಮುನಿಯನ್ನೂ ನೆನೆಯುತ್ತದೆ. ಅದಕ್ಕಿಂತ ತುಸು ಈಚಿನ, 1273ರಿಂದ 1277ರವರೆಗೆ ಕೊರೆದ ‘ಚೌರ್ಯಾಂಶಿ’ ಶಾಸನ, ಅಂದರೆ ಎಂಬತ್ತನಾಲ್ಕರ ಶಾಸನ, ಯಾದವ ರಾಮಚಂದ್ರನ ಆಳ್ವಿಕೆಯಲ್ಲಿ ದೇಗುಲಕ್ಕೆ ದಾನವಿತ್ತವರ ಪಟ್ಟಿ. ಅರಸು ಮತ್ತು ಮಂತ್ರಿಗಳ ಜೊತೆಗೆ ಸಾಧಾರಣ ಭಕ್ತರ ಹೆಸರುಗಳೂ ಅಲ್ಲಿ ಉಳಿದಿವೆ. ಈ ಕಲ್ಲಿಗೆ ಬೆನ್ನು ತಾಗಿಸಿದರೆ ಎಂಬತ್ತನಾಲ್ಕು ಲಕ್ಷ ಯೋನಿಗಳ ಸುತ್ತಾಟ ತಪ್ಪುತ್ತದೆಂಬ ನಂಬಿಕೆ ಮುಂದೆ ಬೆಳೆಯಿತು. ತಾನು ಬಂದುಹೋದದ್ದಕ್ಕೆ ಈ ಊರಿನಲ್ಲಿ ಒಂದು ಗುರುತು ಉಳಿಯಬೇಕೆಂಬ ಹಂಬಲ ಛಾಯಾಗ್ರಹಣಕ್ಕಿಂತ ಎಷ್ಟೋ ಹಿಂದಿನದೆಂಬುದಕ್ಕೆ ಈ ಶಾಸನಕ್ಕಿಂತ ಬೇರೆ ಆಧಾರ ಬೇಕಿಲ್ಲ.

ಇಂದಿನ ಪಾಲಕಿ ವ್ಯವಸ್ಥೆ ಇದಕ್ಕಿಂತ ಬಹಳ ಈಚಿನದು. ಸಂತ ತುಕಾರಾಮರ ಮಗ ನಾರಾಯಣ ಮಹಾರಾಜರು 1685ರಲ್ಲಿ ದೇಹುವಿನಿಂದ ತಂದೆಯ ಪಾದುಕೆಗಳನ್ನೂ ಆಳಂದಿಯಿಂದ ಸಂತ ಜ್ಞಾನದೇವರ ಪಾದುಕೆಗಳನ್ನೂ ಪಾಲಕಿಯಲ್ಲಿರಿಸಿ ಪಂಢರಪುರಕ್ಕೆ ಒಯ್ಯುವ ಪದ್ಧತಿಯನ್ನು ಹಾಕಿಕೊಟ್ಟರು. ಮುಂದೆ ಎರಡೂ ಪಾಲಕಿಗಳು ಬೇರೆಯಾದಾಗ, ಗ್ವಾಲಿಯರಿನ ಶಿಂದೆ ಸಂಸ್ಥಾನದ ಸೇವೆಯಲ್ಲಿದ್ದ ಹೈಬತರಾವ್ ಬಾಬಾ ಆರಫಳಕರರು ಹತ್ತೊಂಬತ್ತನೇ ಶತಮಾನದ ಪೂರ್ವಾರ್ಧದಲ್ಲಿ ಆಳಂದಿಯ ಮೆರವಣಿಗೆಗೆ ದಂಡಿನ ಶಿಸ್ತನ್ನು ತಂದರು. ಅವರಿಗೆ ಕುದುರೆ, ಡೇರೆ, ನೈವೇದ್ಯಗಳ ವ್ಯವಸ್ಥೆ ಮಾಡಿಕೊಟ್ಟವರು ಇಂದಿನ ಚಿಕ್ಕೋಡಿ ತಾಲೂಕಿನ ಅಂಕಲಿಯ ಶಿತೋಳೆ ಸರದಾರರು. ಅಂಕಲಿಯಿಂದ ಎರಡು ಕುದುರೆಗಳು ಸುಮಾರು 300 ಕಿಲೋಮೀಟರ್ ನಡೆದು ಆಳಂದಿಯನ್ನು ಸೇರಿದ ಮೇಲೆಯೇ ಪಾಲಕಿ ಹೊರಡುವ ರೂಢಿ ಇಂದಿಗೂ ಇದೆ. ಒಂದರ ಮೇಲೆ ಪತಾಕೆ ಹಿಡಿದ ಸವಾರನಿರುತ್ತಾನೆ. ಇನ್ನೊಂದರ ಬೆನ್ನು ಬರಿದು, ಏಕೆಂದರೆ ಅದು ಸ್ವತಃ ಜ್ಞಾನದೇವರ ಸವಾರಿಗೆ ಮೀಸಲು.

ಆಳಂದಿಯಿಂದ ಪಂಢರಪುರಕ್ಕೆ ಸುಮಾರು 250 ಕಿಲೋಮೀಟರ್. ಗಟ್ಟಿ ಕಾಲಿನವರು ವಾರದಲ್ಲಿ ಮುಗಿಸಬಹುದಾದ ಈ ದಾರಿಗೆ ಪಾಲಕಿ ಹದಿನೆಂಟು ಇಪ್ಪತ್ತು ದಿನ ತೆಗೆದುಕೊಳ್ಳುತ್ತದೆ. ಸಾಸವಡ, ಜೇಜುರಿ, ಲೋಣಂದ, ಫಲಟಣ, ಮಾಳಶಿರಸಗಳಲ್ಲಿ ತಂಗುತ್ತ, ನೀರಾ ನದಿಯಲ್ಲಿ ಪಾದುಕೆಗಳಿಗೆ ಸ್ನಾನ ಮಾಡಿಸುತ್ತ, ಬಯಲು ಸಿಕ್ಕಲ್ಲಿ ಕುದುರೆಗಳನ್ನು ಓಡಿಸುವ ರಿಂಗಣವನ್ನು ಆಡುತ್ತ ಮೆರವಣಿಗೆ ಸಾಗುತ್ತದೆ. ಗುರಿ ಹತ್ತಿರವಾದಂತೆ ವಿಧಿಗಳೂ ಒತ್ತೊತ್ತಾಗುತ್ತವೆ. ವೇಳಾಪುರದ ಬಳಿಯ ದಿಬ್ಬದಿಂದ ತುಕಾರಾಮರಿಗೆ ಗುಡಿಯ ಶಿಖರ ಕಂಡಿತೆಂದೂ ಅವರು ಅಲ್ಲಿಂದ ಓಡಿಯೇ ಹೋದರೆಂದೂ ಇರುವ ಪ್ರತೀತಿಯನ್ನು ನೆನೆದು, ವಾರಕರಿಗಳು ಆ ಇಳಿಜಾರಿನಲ್ಲಿ ಒಟ್ಟಾಗಿ ಓಡುತ್ತಾರೆ. ಇದಕ್ಕೆ ಧಾವಾ ಎಂದು ಹೆಸರು. ಊರು ಇನ್ನು ಕೆಲವೇ ಕಿಲೋಮೀಟರ್ ಇರುವಾಗ ವಾಖರಿಯಲ್ಲಿ ಎಲ್ಲ ಮುಖ್ಯ ಪಾಲಕಿಗಳೂ ನಿಲ್ಲುತ್ತವೆ, ಪಂಢರಪುರದಿಂದ ಸಂತ ನಾಮದೇವರ ಪಾಲಕಿ ಅವುಗಳನ್ನು ಎದುರುಗೊಳ್ಳಲು ಬರುತ್ತದೆ, ಅಲ್ಲಿಂದ ಊರೊಳಗೆ ಹೋಗುವ ಸಾಲಿನಲ್ಲಿ ಜ್ಞಾನದೇವರ ಪಾಲಕಿಯದು ಕೊನೆಯ ಸ್ಥಾನ. ಹೆಚ್ಚಿನ ಮಾನ ಯಾರದೋ ಅವರೇ ಹೆಚ್ಚು ಹೊತ್ತು ಕಾಯುವ ಈ ಕ್ರಮ ವಾರಿಯ ಮನಸ್ಸನ್ನು ಬೇರೆ ಯಾವ ವಿವರಣೆಗಿಂತ ಚೆನ್ನಾಗಿ ತೋರಿಸುತ್ತದೆ. ಇಷ್ಟೆಲ್ಲ ನಡೆದು ಬಂದವರಲ್ಲಿ ಅನೇಕರು ಗರ್ಭಗುಡಿಯ ಸರದಿಯಲ್ಲಿ ನಿಲ್ಲುವುದೇ ಇಲ್ಲ. ಇಲ್ಲಿ ಚಂದ್ರಭಾಗೆ ಎನಿಸಿಕೊಳ್ಳುವ ಭೀಮಾ ನದಿಯಲ್ಲಿ ಮಿಂದು, ಊರಿಗೆ ಪ್ರದಕ್ಷಿಣೆ ಬಂದು, ದೂರದಿಂದ ಕಳಸಕ್ಕೆ ಕೈಮುಗಿದು ಹಿಂದಿರುಗುತ್ತಾರೆ.

ಆದರೆ ಕಳಸದರ್ಶನದಲ್ಲಿ ತೃಪ್ತಿ ಕಾಣುವುದು ಎಲ್ಲರಿಗೂ ಆಯ್ಕೆಯ ಮಾತಾಗಿರಲಿಲ್ಲ ಎಂಬುದನ್ನು ಮರೆತು ಈ ಕಾಯುವಿಕೆಯನ್ನು ಹೊಗಳಿದರೆ ಅದು ಅನ್ಯಾಯವಾಗುತ್ತದೆ. ಅಸ್ಪೃಶ್ಯರೆನಿಸಿಕೊಂಡ ಜಾತಿಯಲ್ಲಿ ಹುಟ್ಟಿದ ಸಂತ ಚೋಖಾಮೇಳರ ಸಮಾಧಿ ಗುಡಿಯ ಹೊರಗೆ, ಮಹಾದ್ವಾರದ ಎದುರಿಗಿದೆ. ಅವರ ಸಮುದಾಯದ ವಾರಕರಿಗಳು ತಲೆಮಾರುಗಳ ಕಾಲ ಅಷ್ಟೇ ದೂರ ನಡೆದು, ಅಲ್ಲೇ ಹೊರಗೆ ನಿಂತರು. 1947ರ ಮೇ ತಿಂಗಳಲ್ಲಿ ಸಮಾಜ ಸುಧಾರಕ ಸಾನೆ ಗುರೂಜಿಯವರು ಉಪವಾಸ ಕೂತ ಮೇಲೆಯೇ ಬಾಗಿಲು ಅವರಿಗೆ ತೆರೆಯಿತು.

ಮೆರವಣಿಗೆಯ ರಚನೆಯಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ವಾರಕರಿಗಳು ದಿಂಡಿಗಳೆಂಬ ತಂಡಗಳಾಗಿ ನಡೆಯುತ್ತಾರೆ. ಒಂದೊಂದು ದಿಂಡಿಗೂ ಪಾಲಕಿಯ ರಥದ ಮುಂದೆ ಇಲ್ಲವೆ ಹಿಂದೆ ಗೊತ್ತಾದ ಅಂಕೆ ಮತ್ತು ಜಾಗವಿದ್ದು, ಪತಾಕೆ ಹಿಡಿದವರು, ತಾಳದವರು, ಮೃದಂಗದವನು, ವೀಣೆಯವನು, ತಲೆಯ ಮೇಲೆ ತುಳಸಿಯ ಬೃಂದಾವನ ಹೊತ್ತ ಹೆಂಗಸರು ಆ ಕ್ರಮ ಬಿಡದೆ ಸಾಗುತ್ತಾರೆ. ಸಂಜೆಯ ಸಮಾಜ ಆರತಿಯಲ್ಲಿ ಚೋಪದಾರ, ಅಂದರೆ ಬೆಳ್ಳಿಯ ಕೋಲು ಹಿಡಿದ ವ್ಯವಸ್ಥಾಪಕ, ಕೋಲನ್ನು ಎತ್ತಿದೊಡನೆ ಸಾವಿರಾರು ತಾಳಗಳು ಒಮ್ಮೆಲೇ ನಿಲ್ಲುತ್ತವೆ. ಯಾವ ದಿಂಡಿಗೆ ದೂರು ಇದೆಯೋ ಅದು ಮಾತ್ರ ತಾಳ ಬಾರಿಸುತ್ತಲೇ ಇರುತ್ತದೆ, ಆಗ ಅದರ ಅಹವಾಲನ್ನು ಕೇಳಲಾಗುತ್ತದೆ. ಇಂಥ ಬಿಗಿಯಾದ ಜೋಡಣೆಯ ಪರಿಣಾಮವೆಂದರೆ, ತನ್ನ ಜಾಗ ಬಿಡದೆ ನಡೆಯುವ ವಾರಕರಿಗೆ ವಾರಿಯ ಪೂರ್ಣ ರೂಪ ಕಾಣುವುದೇ ಇಲ್ಲ. ಅವನ ಕಣ್ಣಿಗೆ ಬೀಳುವುದು ಮುಂದಿನವನ ಬೆನ್ನು, ಪಕ್ಕದವನ ತಾಳ, ಕಾಲಡಿಯ ಕೆಸರು. ದಾರಿಯಲ್ಲಿ ಸಿಗುವ ದಿವೆ ಘಾಟಿನ ತಿರುವುಗಳಲ್ಲಿ ಮೆರವಣಿಗೆ ಬೆಟ್ಟ ಹತ್ತುವ ನೋಟ ಸಿಗುವುದು ಸಾಲಿನಿಂದ ಹೊರಗೆ, ಎತ್ತರದಲ್ಲಿ ನಿಂತವನಿಗೆ ಮಾತ್ರ.

ಹಾಗೆ ತುಸು ದೂರ ನಿಂತು ನೋಡುವ ಕಣ್ಣನ್ನು ಮೊದಲು ತಂದವರು ಬರಹಗಾರರು. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರು ದಿಂಡಿಯೊಂದರ ಜೊತೆ ನಡೆದು ಬರೆದ ಪ್ರಬಂಧದಲ್ಲಿ, ಒಟ್ಟಿಗೆ ಹಾಡುವ ಜನ ಊಟಕ್ಕೆ ಜಾತಿಯ ಪ್ರಕಾರ ಬೇರೆಬೇರೆ ಕೂರುವುದನ್ನು ನೋವಿನಿಂದ ದಾಖಲಿಸಿದರು. ದಿ. ಬಾ. ಮೊಕಾಶಿಯವರ ವಾರಿಯ ಕಥನ ‘ಪಾಲಖೀ’ 1964ರಲ್ಲಿ ಬಂತು. ಅದಕ್ಕೂ ಮುಂಚೆ, 1936ರ ‘ಸಂತ ತುಕಾರಾಮ’ ಚಲನಚಿತ್ರ ವಾರಕರಿ ಪಂಥದ ಸಂತನನ್ನು ಊರೂರಿಗೆ ಒಯ್ದಿತ್ತಾದರೂ ಅದು ನಟರ ಚಿತ್ರ. ನಡೆಯುವವರನ್ನೇ ತೋರಿಸಿದ ಸಾಕ್ಷ್ಯಚಿತ್ರಗಳಲ್ಲಿ, ಖಂಡೋಬನ ಆರಾಧನೆಯನ್ನು ಅಧ್ಯಯನ ಮಾಡಿದ ಜರ್ಮನ್ ವಿದ್ವಾಂಸ ಗುಂಥರ್ ಸೊಂಥೈಮರ್ ಅವರು ಹೆನಿಂಗ್ ಸ್ಟೆಗ್ಮ್ಯುಲ್ಲರ್ ಅವರೊಡನೆ 1980ರ ದಶಕದ ಕೊನೆಗೆ ಮಾಡಿದ ‘ವಾರಿ’ಗೆ ಹಿರಿಯ ಸ್ಥಾನವಿದೆ.

ಫಿಲ್ಮಿನ ಕಾಲದಲ್ಲಿ ತೆಗೆದದ್ದನ್ನು ಅಲ್ಲಿಯೇ ನೋಡುವಂತಿರಲಿಲ್ಲ. ಸುರುಳಿಗಳು ಪ್ರಯೋಗಾಲಯಕ್ಕೆ ಹೋಗಿ, ಸಂಸ್ಕರಣೆಯಾಗಿ, ಸಂಕಲನದ ಮೇಜು ದಾಟಿ ತೆರೆಗೆ ಬರುವಷ್ಟರಲ್ಲಿ ಇನ್ನೊಂದು ಆಷಾಢ ಕಳೆದಿರುವುದೂ ಉಂಟು. ಬೇರೆ ನಾಡಿನ ಯಾತ್ರೆಯ ಚಿತ್ರಗಳಲ್ಲೂ ಇಂಥ ಕಾಯುವಿಕೆ ಉಂಟು. ಸ್ಪೇನಿನ ಸಾಂತಿಯಾಗೊ ಯಾತ್ರೆಯ ಆರು ಮಂದಿಯನ್ನು ಹಿಂಬಾಲಿಸಿದ ಲಿಡಿಯಾ ಸ್ಮಿತ್ ಅವರ ‘ವಾಕಿಂಗ್ ದ ಕಮೀನೊ’ 2009ರಲ್ಲಿ ಚಿತ್ರೀಕರಣಗೊಂಡು 2013ರಲ್ಲಿ ತೆರೆಕಂಡಿತು. ಚರ್ಚಿನ ಗೋಪುರಗಳು ಮೊದಲು ಕಾಣುವ ಗುಡ್ಡಕ್ಕೆ ‘ಹರ್ಷದ ಗುಡ್ಡ’ ಎಂಬರ್ಥದ ಹೆಸರಿಟ್ಟ ದಾರಿ ಅದು. ಅದನ್ನು ನಡೆದು ಮುಗಿಸಿದ ಆ ಆರು ಮಂದಿಗೆ ತಮ್ಮ ನಡಿಗೆಯನ್ನು ತೆರೆಯ ಮೇಲೆ ಕಾಣಲು ಮತ್ತೆ ನಾಲ್ಕು ವರ್ಷದ ನಿರೀಕ್ಷೆ ಒದಗಿತು. ಚಿತ್ರಕ್ಕಾಗಿ ಹೀಗೆ ಕಾಯುವುದನ್ನು ಮುಖ ನೋಡಿಕೊಳ್ಳುವ ಚಪಲವೆಂದು ತಳ್ಳಿಹಾಕುವುದು ಸರಿಯಲ್ಲ. ಸಾಲಿನೊಳಗಿದ್ದಾಗ ಕಾಣದೆ ಹೋದ ಸಮಗ್ರ ನೋಟದಲ್ಲಿ ತಾನು ಎಲ್ಲಿದ್ದೆನೆಂದು ತಿಳಿಯುವ ಆಸೆ ಅದು. ಚಿತ್ರ ಬರುವವರೆಗಿನ ದಿನಗಳಲ್ಲಿ ಮನಸ್ಸು ದಾರಿಯನ್ನು ಮತ್ತೊಮ್ಮೆ ನಡೆಯುವುದರಿಂದ, ವಾಖರಿಯಲ್ಲಿ ಕಾಯಲು ಕಲಿತವರಿಗೆ ಈ ಕಾಯುವಿಕೆ ಹೊಸತೇನೂ ಆಗಲಾರದು.

2020ರಲ್ಲಿ ಕೋವಿಡ್ ಸೋಂಕಿನ ಭಯದಿಂದ ನಡಿಗೆ ನಿಂತು, ಪಾದುಕೆಗಳು ಸಾರಿಗೆ ಬಸ್ಸಿನಲ್ಲಿ ಪಂಢರಪುರಕ್ಕೆ ಹೋದಾಗ, ಉಳಿದವರಿಗೆ ತೆರೆಯೊಂದೇ ದಾರಿಯಾಯಿತು. 2021ರಲ್ಲೂ ಹಾಗೆಯೇ ಆಯಿತು. ಇಂದು ಡ್ರೋನು, ಮೊಬೈಲುಗಳಿಂದಾಗಿ ರಿಂಗಣದ ದೃಶ್ಯ ಕುದುರೆ ನಿಲ್ಲುವ ಮೊದಲೇ ಕೈಗೆ ಬರುತ್ತದೆ. ಹಾಗಿದ್ದೂ ಈ ಚಿತ್ರಗಳಲ್ಲಿ ಪತಾಕೆ, ಕುದುರೆ, ತುಳಸಿ ಹೊತ್ತ ಹೆಂಗಸರೇ ಮರಳಿ ಮರಳಿ ಕಾಣುತ್ತಾರೆ. ದಿಂಡಿಯ ಪಾತ್ರೆ, ಧಾನ್ಯ, ಡೇರೆಗಳನ್ನು ಲಾರಿಗೆ ಹೇರಿಕೊಂಡು ಮುಂದಿನ ತಂಗುದಾಣಕ್ಕೆ ಮೊದಲೇ ಹೋಗಿ, ನೂರಾರು ಜನರಿಗೆ ಒಲೆ ಹೂಡುವವರು ಮೆರವಣಿಗೆಯ ಚೌಕಟ್ಟಿನ ಹೊರಗೇ ಉಳಿಯುತ್ತಾರೆ. ವಾರಿಯ ಸಮಗ್ರ ನೋಟವೆಂದು ತೆರೆ ಕೊಡುವ ಚಿತ್ರದಲ್ಲಿ ಇವರಿಗೆ ಸಲ್ಲಬೇಕಾದ ಜಾಗ ಇನ್ನೂ ಸಂದಿಲ್ಲ.