ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ವಾಕ್ಕಲೆ ಮತ್ತು ರಂಗಕಲೆ

ಭರತನು ಅಭಿನಯದ ನಾಲ್ಕು ಬಗೆಗಳಲ್ಲಿ ವಾಚಿಕವನ್ನೂ ಎಣಿಸಿರುವುದರಿಂದ, ನುಡಿಯುವ ಕಲೆಯೂ ಆಡುವ ಕಲೆಯೂ ಒಂದೇ ಶಾಸ್ತ್ರಕ್ಕೆ ಸೇರಿದವೆಂಬುದು ಕನ್ನಡ ವಿದ್ವಾಂಸರಿಗೆ ಹೊಸ ಮಾತಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಇವೆರಡೂ ಬಹುಕಾಲ ಒಂದೇ ವಿಭಾಗದಲ್ಲಿದ್ದುವು. ಕೆಲವೆಡೆ ಈಗಲೂ ಇವೆ. ಆದರೆ ಅಲ್ಲಿ ಇವನ್ನು ಕೂಡಿಸಿದುದು ಯಾವ ಲಕ್ಷಣಗ್ರಂಥವೂ ಅಲ್ಲ. ಇಂಗ್ಲಿಷ್ ಸಾಹಿತ್ಯದ ವಿಭಾಗದಲ್ಲಿ ಎರಡಕ್ಕೂ ತಕ್ಕ ಮನ್ನಣೆ ದೊರೆಯದೆ ಹೋದುದೇ ಅವುಗಳ ಸಖ್ಯಕ್ಕೆ ಮುಖ್ಯ ಕಾರಣವೆನ್ನಬೇಕು.

ಮೊದಲು ಹೀಗಿರಲಿಲ್ಲ. ಹಾರ್ವರ್ಡಿನಲ್ಲಿ ಅಲಂಕಾರಶಾಸ್ತ್ರ ಮತ್ತು ವಾಗ್ಮಿತೆಗಾಗಿ ಏರ್ಪಟ್ಟ ಬಾಯ್ಲ್‌ಸ್ಟನ್ ಪೀಠವನ್ನು ೧೮೦೬ರಲ್ಲಿ ಮೊದಲು ಅಲಂಕರಿಸಿದವನು, ಮುಂದೆ ಆ ದೇಶದ ಅಧ್ಯಕ್ಷನಾದ ಜಾನ್ ಕ್ವಿನ್ಸಿ ಆಡಮ್ಸ್. ಸಭೆಯಲ್ಲಿ ನಿಂತು ಮಾತನಾಡಬಲ್ಲವನೇ ಸುಶಿಕ್ಷಿತನೆಂಬ ರೋಮನರ ಆದರ್ಶ ಆಗ ಅಳಿದಿರಲಿಲ್ಲ. ೧೮೫೧ರಲ್ಲಿ ಅದೇ ಪೀಠಕ್ಕೆ ಬಂದ ಫ್ರಾನ್ಸಿಸ್ ಜೇಮ್ಸ್ ಚೈಲ್ಡನ ಒಲವಾದರೋ ಪ್ರಾಚೀನ ಸಾಹಿತ್ಯದ ಕಡೆಗೆ. ೧೮೭೬ರಲ್ಲಿ ಅವನು ಇಂಗ್ಲಿಷ್ ಪ್ರಾಧ್ಯಾಪಕನಾದ ಮೇಲೆ, ಉತ್ತರಾಧಿಕಾರಿಯಾದ ಆಡಮ್ಸ್ ಷರ್ಮನ್ ಹಿಲ್ ಲಿಖಿತ ಪ್ರಬಂಧರಚನೆಗೆ ಪ್ರಾಶಸ್ತ್ಯವಿತ್ತನು. ವಿದ್ಯಾರ್ಥಿಯ ಕಂಠಕ್ಕೆ ಬದಲಾಗಿ ಅವನ ಕಾಗದ ಪರೀಕ್ಷೆಗೆ ಗುರಿಯಾಯಿತು. ಜನರ ಬಾಯಲ್ಲಿ ಬೆಳೆದ ಲಾವಣಿಗಳ ಪಾಠಾಂತರಗಳನ್ನು ಸಂಪಾದಿಸಿ ಚಿರಕೀರ್ತಿ ಪಡೆದ ಚೈಲ್ಡನ ಪೀಠದಲ್ಲಿಯೇ ಬಾಯಿಮಾತಿಗೆ ಈ ಕುಂದು ಬಂದುದು ವಿಚಿತ್ರವಲ್ಲವೆ?

ಹೀಗೆ ಮೂಲೆಗೆ ಸರಿದ ಭಾಷಣಕಲೆಯ ಉಪಾಧ್ಯಾಯರಲ್ಲಿ ಹದಿನೇಳು ಮಂದಿ ೧೯೧೪ರ ನವೆಂಬರಿನಲ್ಲಿ ಷಿಕಾಗೋ ನಗರದಲ್ಲಿ ಇಂಗ್ಲಿಷ್ ಉಪಾಧ್ಯಾಯರ ಪರಿಷತ್ತನ್ನು ಬಿಟ್ಟು ಪ್ರತ್ಯೇಕ ಸಂಘವನ್ನು ಕಟ್ಟಿದರು. ಮರುವರ್ಷ ತ್ರೈಮಾಸಿಕ ಪತ್ರಿಕೆಯೊಂದನ್ನೂ ಹೊರಡಿಸಿದರು. ಮನೆ ಬೇರೆಯಾಯಿತು, ಶಾಸ್ತ್ರವೆಲ್ಲಿ? ಮನಶ್ಶಾಸ್ತ್ರದ ಪ್ರಯೋಗವಿಧಾನವೇ ದಾರಿಯೆಂದು ಇಲಿನಾಯ್ಸಿನ ಚಾರ್ಲ್ಸ್ ವುಲ್‌ಬರ್ಟ್ ವಾದಿಸಿದರೆ, ಪ್ರಾಚೀನ ಅಲಂಕಾರಶಾಸ್ತ್ರವೇ ಮೂಲವೆಂದು ಎವರೆಟ್ ಲೀ ಹಂಟ್ ಪ್ರತಿಪಾದಿಸಿದನು. ಕಾರ್ನೆಲ್ ವಿಶ್ವವಿದ್ಯಾನಿಲಯದವರು ಎರಡನೆಯ ಮತವನ್ನು ಬೆಳೆಸಿದರು. ಉಭಯ ಪಕ್ಷದವರೂ ವಿದ್ವತ್ತನ್ನು ಸ್ಥಾಪಿಸುವ ಭರದಲ್ಲಿ ಕಂಠಸಾಧನೆಯನ್ನು ಹಿಂದಿಟ್ಟರೆಂಬ ಆಕ್ಷೇಪ ನಿರಾಧಾರವಲ್ಲ.

ರಂಗಕಲೆಯ ವ್ಯಾಜ್ಯ ಇದಕ್ಕಿಂತಲೂ ಕಠಿನವಾದುದು. ಅದರ ಕೇಂದ್ರಪುರುಷನಾದ ಜಾರ್ಜ್ ಪಿಯರ್ಸ್ ಬೇಕರ್ ಮೊದಲು ಹಾರ್ವರ್ಡಿನಲ್ಲಿ ವಾದಕಲೆಯನ್ನು ಬೋಧಿಸುತ್ತಿದ್ದವನು. ೧೮೯೫ರಲ್ಲಿ ಆ ವಿಷಯವಾಗಿಯೇ ಗ್ರಂಥ ಬರೆದವನು. ಇಬ್ಬರು ಎದುರುಬದುರಾಗಿ ನಿಂತು ಆಡುವ ಮಾತಿನಿಂದ ನಾಟಕಕ್ಕೆ ಬರುವ ದಾರಿ ದೂರವಲ್ಲ. ‘ಇಂಗ್ಲಿಷ್ ೪೭’ ಎಂಬ ಸಂಖ್ಯೆಯ ತರಗತಿಯಲ್ಲಿ ಅವನು ನಾಟಕರಚನೆಯನ್ನು ಕಲಿಸಿದನು. ಬರೆದುದನ್ನು ಆಡಿ ನೋಡದೆ ಗುಣದೋಷ ತಿಳಿಯದೆಂದು ಕಂಡು, ‘೪೭ ವರ್ಕ್‌ಷಾಪ್’ ಎಂಬ ಪ್ರಯೋಗಶಾಲೆಯನ್ನು ಸ್ಥಾಪಿಸಿದನು. ಅಲ್ಲಿಯ ಪ್ರೇಕ್ಷಕರು ಆಹ್ವಾನಿತರು; ನೋಡಿದವರು ಅಭಿಪ್ರಾಯವನ್ನು ಬರೆದು ಕೊಡಬೇಕೆಂಬುದೇ ನಿಯಮ. ಸಹೃದಯನನ್ನು ಪಾಠಕ್ರಮದ ಅಂಗವಾಗಿ ಮಾಡಿಕೊಂಡ ಈ ಏರ್ಪಾಡು ರಸವಿಚಾರದಲ್ಲಿ ಪಳಗಿದವರ ಗಮನಕ್ಕೆ ಅರ್ಹವಾದುದು. ೧೯೧೪-೧೫ರಲ್ಲಿ ಬೇಕರನ ತರಗತಿಯಲ್ಲಿ ಕುಳಿತ ಯುಜೀನ್ ಓನೀಲ್ ೧೯೩೬ರಲ್ಲಿ ನೊಬೆಲ್ ಪಾರಿತೋಷಿಕವನ್ನು ಪಡೆದನು.

ಆದರೂ ನಾಟಕವನ್ನು ಓದಿ ತಿಳಿಯುವುದು ವಿದ್ಯೆ, ಕಟ್ಟಿ ಆಡಿಸಿ ತಿಳಿಯುವುದು ಕಸಬು ಎಂಬ ಭೇದಬುದ್ಧಿ ಹಾರ್ವರ್ಡಿನಲ್ಲಿ ಕರಗಲಿಲ್ಲ. ಬೇಕರನು ಬಯಸಿದ ಪದವಿಕ್ರಮಕ್ಕೂ ರಂಗಮಂದಿರಕ್ಕೂ ಅಲ್ಲಿ ಅನುಕೂಲ ಒದಗಲಿಲ್ಲ. ಇತ್ತ ಯೇಲ್ ವಿಶ್ವವಿದ್ಯಾನಿಲಯಕ್ಕೆ ಎಡ್ವರ್ಡ್ ಹಾರ್ಕ್‌ನೆಸ್ ಎಂಬ ಧನಿಕನು ಇದಕ್ಕಾಗಿಯೇ ಹತ್ತು ಲಕ್ಷ ಡಾಲರುಗಳನ್ನು ಕೊಟ್ಟನು. ೧೯೨೫ರಲ್ಲಿ ಬೇಕರನು ಅಲ್ಲಿಗೆ ಹೊರಟುಹೋದನು. ಗಮನಿಸತಕ್ಕ ಅಂಶವೊಂದುಂಟು: ಯೇಲಿನಲ್ಲಿ ನಾಟಕಕ್ಕೆ ನೆಲೆ ದೊರೆತುದು ಸಾಹಿತ್ಯವಿಭಾಗದಲ್ಲಲ್ಲ, ಲಲಿತಕಲೆಗಳ ಶಾಲೆಯಲ್ಲಿ. ಇದಕ್ಕೂ ಮುಂಚೆ, ೧೯೧೪ರಲ್ಲಿ, ಅಮೆರಿಕದಲ್ಲಿ ಮೊದಲಿಗೆ ನಾಟಕದ ಪದವಿ ಶಿಕ್ಷಣವನ್ನು ಆರಂಭಿಸಿದುದು ಪಿಟ್ಸ್‌ಬರ್ಗಿನ ಕಾರ್ನೆಗೀ ಸಂಸ್ಥೆ. ಯಂತ್ರವಿದ್ಯೆಯ ಸಂಸ್ಥೆಗೆ ಕೈಕೆಲಸವು ವಿದ್ಯೆಯೆಂದು ಒಪ್ಪಲು ಸಂಕೋಚವಿರಲಿಲ್ಲ.

ಇಂತಹ ಪೋಷಣೆ ದೊರೆಯದ ಕಡೆಗಳಲ್ಲಿ ನಾಟಕವು ಭಾಷಣವಿಭಾಗದ ಆಶ್ರಯದಲ್ಲಿ ಬೆಳೆಯಿತು. ಆಶ್ರಿತರಿಗೂ ಕಾಲಕ್ರಮದಲ್ಲಿ ಇಕ್ಕಟ್ಟಾಯಿತು. ೧೯೩೬ರಲ್ಲಿ ರಂಗಶಿಕ್ಷಕರು ತಮ್ಮದೇ ಸಂಘವನ್ನು ಮಾಡಿಕೊಂಡರು. ಭಾಷಣಕಾರರ ಸಂಘವು ೧೯೭೦ರಲ್ಲಿ ‘ಕಮ್ಯೂನಿಕೇಷನ್’ ಎಂಬ ಪದವನ್ನು ತನ್ನ ಹೆಸರಿಗೆ ಸೇರಿಸಿಕೊಂಡು, ೧೯೯೭ರಲ್ಲಿ ‘ಸ್ಪೀಚ್’ ಎಂಬುದನ್ನೇ ಕೈಬಿಟ್ಟಿತು. ಹಾರ್ವರ್ಡಿನಲ್ಲಿ ಪದವಿ ವಿದ್ಯಾರ್ಥಿಗಳಿಗೆ ರಂಗಭೂಮಿ, ನೃತ್ಯ, ಮಾಧ್ಯಮ ಇವುಗಳನ್ನು ಪ್ರಧಾನ ವಿಷಯವಾಗಿ ಅಭ್ಯಸಿಸುವ ಅವಕಾಶ ದೊರೆತುದು ೨೦೧೫ರಲ್ಲಿ, ಬೇಕರನು ಅಲ್ಲಿಂದ ಹೊರಟ ತೊಂಬತ್ತು ವರ್ಷಗಳ ತರುವಾಯ.