ಗೇಣಿ, ಕೂಲಿ, ಬಡ್ಡಿ, ಲಾಭ: ಕಾಫಿ ಸೀಮೆಯಲ್ಲಿ ಪದವಿ ಅರ್ಥಶಾಸ್ತ್ರದ ಓದು

ಕರ್ನಾಟಕದ ಉನ್ನತ ಶಿಕ್ಷಣವನ್ನು ಕುರಿತ ಬರಹಗಳು ಬಹುಮಟ್ಟಿಗೆ ಸಂಸ್ಥೆಗಳ ಚರಿತ್ರೆಗಳಾಗಿವೆ. ವಿಶ್ವವಿದ್ಯಾಲಯದ ಸ್ಥಾಪನೆ, ಕುಲಪತಿಗಳ ಅವಧಿ, ವಿಭಾಗಗಳ ಬೆಳವಣಿಗೆ ಇವುಗಳ ವಿವರ ಅಲ್ಲಿ ದೊರೆಯುತ್ತದೆ. ತರಗತಿಯಲ್ಲಿ ಕುಳಿತ ವಿದ್ಯಾರ್ಥಿಯು ಒಂದು ಶಾಸ್ತ್ರವನ್ನು ಯಾವ ಅನುಭವದ ಹಿನ್ನೆಲೆಯಲ್ಲಿ ಕೇಳಿಸಿಕೊಂಡನೆಂಬುದು ದಾಖಲಾಗುವುದು ವಿರಳ. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗದ ಕಾಫಿ ಸೀಮೆಯ ವಿದ್ಯಾರ್ಥಿಗಳು ಪದವಿಯಲ್ಲಿ ಓದಿದ ಅರ್ಥಶಾಸ್ತ್ರವನ್ನು ಅಲ್ಲಿನ ಜನರ ಆರ್ಥಿಕ ನುಡಿಗಟ್ಟಿನ ಜೊತೆಗಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೈಸೂರು ಸಂಸ್ಥಾನದಲ್ಲಿ 1911ರಲ್ಲಿ ಆರ್ಥಿಕ ಸಮ್ಮೇಳನವೂ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯವೂ ಆರಂಭಗೊಂಡವು. ನಾಡಿನ ಸಂಪತ್ತು ಹೆಚ್ಚಬೇಕಾದರೆ ವಿದ್ಯೆ ಹರಡಬೇಕೆಂಬ ಒಂದೇ ಚಿಂತನೆಯ ಫಲಗಳು ಇವು. ಚಿಕ್ಕಮಗಳೂರು ಜಿಲ್ಲೆಯ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಅವರು 1956ರಿಂದ 1960ರವರೆಗೆ ಅದೇ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದು, ಉನ್ನತ ಶಿಕ್ಷಣದಲ್ಲಿ ಕನ್ನಡ ಮಾಧ್ಯಮವನ್ನು ಪ್ರತಿಪಾದಿಸಿದರು. 1987ರಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಈ ಜಿಲ್ಲೆಯ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ಕನ್ನಡದಲ್ಲಿ ಅರ್ಥಶಾಸ್ತ್ರವನ್ನು ಓದಿ ಪದವಿ ಪಡೆಯುವ ಅವಕಾಶ ಹೀಗೆ ತೋಟದ ಲೈನ್ ಮನೆಯ ಮಕ್ಕಳವರೆಗೂ ತಲುಪಿತು.

ಕನ್ನಡ ಪಠ್ಯಗಳ ವಿತರಣಾ ಸಿದ್ಧಾಂತದ ಅಧ್ಯಾಯದಲ್ಲಿ ನಾಲ್ಕು ಪರಿಭಾಷೆಗಳಿವೆ: ಭೂಮಿಗೆ ಗೇಣಿ, ಶ್ರಮಕ್ಕೆ ಕೂಲಿ, ಬಂಡವಾಳಕ್ಕೆ ಬಡ್ಡಿ, ಸಂಘಟನೆಗೆ ಲಾಭ. ಇವು ಪಂಡಿತರು ಟಂಕಿಸಿದ ಪದಗಳಲ್ಲ. ಜನರ ಬಾಯಿಂದಲೇ ಶಾಸ್ತ್ರಕ್ಕೆ ಬಂದವು. ಹಾಗೆ ಬರುವಾಗ ಅವು ತಮ್ಮ ಅರ್ಥದ ಒಂದು ಭಾಗವನ್ನು ಹೊರಗೇ ಬಿಟ್ಟು ಬಂದವು ಎಂಬುದು ಇಲ್ಲಿ ಗಮನಾರ್ಹ.

ಮೊದಲಿಗೆ ಗೇಣಿಯನ್ನು ಪರಿಶೀಲಿಸಬಹುದು. 1817ರಲ್ಲಿ ಪ್ರಕಟವಾದ ರಿಕಾರ್ಡೋನ ಗ್ರಂಥದ ಪ್ರಕಾರ ಗೇಣಿಯೆಂದರೆ ಫಲವತ್ತಾದ ಭೂಮಿಯು ಸೀಮಾಂತ ಭೂಮಿಗಿಂತ ಹೆಚ್ಚಾಗಿ ಕೊಡುವ ಮಿಗುತಾಯ. ಬಯಲುಗದ್ದೆಗೂ ಮಕ್ಕಿಗದ್ದೆಗೂ ಇರುವ ಅಂತರವನ್ನು ಬಲ್ಲ ಮಲೆನಾಡಿನ ವಿದ್ಯಾರ್ಥಿಗೆ ಇದು ಕಷ್ಟದ ವಿಷಯವಲ್ಲ. ಆದರೆ ಕಳಸದ ಕಡೆಯ ಗೇಣಿದಾರರಾಗಿದ್ದ ನಮ್ಮ ಅಜ್ಜನ ಪಾಲಿಗೆ ಗೇಣಿಯೆಂದರೆ ಒಡೆಯರ ಮನೆಯ ಅಂಗಳದಲ್ಲಿ ಕೊಳಗದಿಂದ ಅಳೆದು ಹಾಕಿದ ಭತ್ತ. ಬೆಳೆ ಕೆಟ್ಟ ವರ್ಷವೂ ಅದು ತಪ್ಪುತ್ತಿರಲಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿ ಪದ್ಧತಿಯನ್ನು ರದ್ದುಪಡಿಸಿತು. ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಿದವರನ್ನು 'ಡಿಕ್ಲರೇಷನ್ ಕೊಟ್ಟವರು' ಎಂದೇ ಊರು ಗುರುತಿಸಿತು. ಪ್ಲಾಂಟೇಶನ್ ಭೂಮಿಗೆ ಭೂಮಿತಿಯಿಂದ ವಿನಾಯಿತಿ ಇತ್ತು. ಕಣಿವೆಯ ಗದ್ದೆ ಉಳುವವನದಾಯಿತು; ಅದರ ಮೇಲಿನ ಇಳಿಜಾರಿನ ದೊಡ್ಡ ಕಾಫಿ ತೋಟ ಹಾಗೆಯೇ ಉಳಿಯಿತು. ಪರೀಕ್ಷೆಯಲ್ಲಿ ಗೇಣಿ ಸಿದ್ಧಾಂತವನ್ನು ವಿವರಿಸಿದ ನಾವಾರೂ ಈ ಗೇಣಿಯ ಕುರಿತು ಒಂದು ವಾಕ್ಯವನ್ನೂ ಬರೆಯಲಿಲ್ಲ.

ಕೂಲಿಯ ವಿಷಯದಲ್ಲಿಯೂ ಇದೇ ಸ್ಥಿತಿ. ಪಠ್ಯದ ಕೂಲಿಗೆ ಬೇಡಿಕೆ ಮತ್ತು ಪೂರೈಕೆಯ ಎರಡು ರೇಖೆಗಳು ಸಾಕು. ಕಾಫಿ ಸೀಮೆಯಲ್ಲಾದರೋ ದಿನಗೂಲಿ, ಹಣ್ಣಿನ ಕುಯ್ಲಿನಲ್ಲಿ ತೂಕದ ಲೆಕ್ಕದ ಕೂಲಿ, ಗದ್ದೆ ಕೆಲಸಕ್ಕೆ ಮುಯ್ಯಾಳು ಎಂಬ ಭಿನ್ನ ವ್ಯವಸ್ಥೆಗಳು ಒಟ್ಟಿಗೆ ಬದುಕಿದ್ದವು. ಮುಯ್ಯಾಳಿನಲ್ಲಿ ಹಣವಿಲ್ಲ, ಇಂದು ನನ್ನ ಗದ್ದೆಗೆ ನೀನು ಬಂದರೆ ನಾಳೆ ನಿನ್ನ ಗದ್ದೆಗೆ ನಾನು ಬರಬೇಕು. ಬೆಲೆ ಇಲ್ಲದ ಈ ವಿನಿಮಯಕ್ಕೆ ಮರೆಯಲಾಗದ ಲೆಕ್ಕವಿದೆ. ಬಡ್ಡಿಯಂತೂ ಅನೇಕ ವೇಳೆ ಬಡ್ಡಿಯೆಂಬ ಹೆಸರಿನಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಮೇಸ್ತ್ರಿ ಕೊಟ್ಟ ಮುಂಗಡವನ್ನು ಘಟ್ಟದ ಕೆಳಗಿನಿಂದ ಬಂದ ಆಳು ದುಡಿದು ತೀರಿಸಬೇಕಿತ್ತು. ವ್ಯಾಪಾರಿಯಿಂದ ಮುಂಗಡ ಪಡೆದ ಸಣ್ಣ ಬೆಳೆಗಾರನು ಅವನಿಗೇ ಕಾಫಿ ಹಾಕಬೇಕಿತ್ತು. ಬಡ್ಡಿಯು ಒಂದೆಡೆ ಕೂಲಿಯಲ್ಲಿ, ಇನ್ನೊಂದೆಡೆ ಬೆಲೆಯಲ್ಲಿ ಅಡಗಿರುತ್ತಿತ್ತು.

ಇನ್ನು ಲಾಭ. 1942ರ ಕಾಫಿ ಕಾಯ್ದೆಯಡಿ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಹಣ ಕಂತುಗಳಲ್ಲಿ ಬರುತ್ತಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡ ಈ ವ್ಯವಸ್ಥೆ 1996ರಲ್ಲಿ ಕೊನೆಗೊಂಡಿತು. ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ 1989ರಲ್ಲಿಯೇ ಕುಸಿದಿತ್ತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದಾಗ ಏರಿದ ಬೆಲೆಯನ್ನು ಕಂಡವರು ಮುಕ್ತ ಮಾರುಕಟ್ಟೆಯನ್ನು ಸ್ವಾಗತಿಸಿದರು. ಆದರೆ ವಿಯೆಟ್ನಾಂನ ಉತ್ಪಾದನೆ ವೇಗವಾಗಿ ಹೆಚ್ಚಿತು. ವಿಶ್ವ ಮಾರುಕಟ್ಟೆಯಲ್ಲಿ 1997ರಲ್ಲಿ ಪೌಂಡಿಗೆ 130 ಸೆಂಟ್ ಮೀರಿದ್ದ ವಾರ್ಷಿಕ ಸರಾಸರಿ ಬೆಲೆ 2001ರಲ್ಲಿ 50 ಸೆಂಟಿಗಿಂತ ಕೆಳಗಿಳಿಯಿತು.

ಪ್ರಸ್ತುತ ಲೇಖಕನು ಇತಿಹಾಸ, ಅರ್ಥಶಾಸ್ತ್ರ ಮತ್ತು ಕನ್ನಡವನ್ನು ಐಚ್ಛಿಕವಾಗಿ ಓದಿದ್ದು 1999ರಿಂದ 2002ರವರೆಗಿನ ಇದೇ ಅವಧಿಯಲ್ಲಿ. ತುಷ್ಟಿಗುಣ ಇಳಿಮುಖವಾಗುವ ನಿಯಮವನ್ನು ನಾವು ಸೇಬಿನ ಉದಾಹರಣೆಯಿಂದ ಕಲಿತೆವು; ಕಾಫಿಯ ಉಲ್ಲೇಖ ನಮ್ಮ ಟಿಪ್ಪಣಿಗಳಲ್ಲಿರಲಿಲ್ಲ. ನವೆಂಬರಿನಿಂದ ಕುಯ್ಲು ಆರಂಭವಾದರೆ ಹಿಂದಿನ ಬೆಂಚುಗಳು ಖಾಲಿಯಾಗುತ್ತಿದ್ದವು. ಬೆಲೆ ಕುಸಿದ ವರ್ಷಗಳಲ್ಲಿ ತೋಟಗಳು ಆಳುಗಳನ್ನು ಕಡಿಮೆ ಮಾಡಿದಾಗ, ಲೈನ್ ಮನೆಗಳಿಂದ ಬರುತ್ತಿದ್ದ ಸಹಪಾಠಿಗಳಲ್ಲಿ ಕೆಲವರು ಕುಯ್ಲು ಮುಗಿದ ಮೇಲೂ ತರಗತಿಗೆ ಹಿಂದಿರುಗಲಿಲ್ಲ. ಪುಸ್ತಕದಲ್ಲಿ ಬೇಡಿಕೆ, ಪೂರೈಕೆಯ ಪಾಠ ನಡೆಯುತ್ತಲೇ ಇತ್ತು. ನನ್ನ ತಾಯಿ ತಾನು ಕುಯ್ದ ಹಣ್ಣಿನ ಲೆಕ್ಕವನ್ನು ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನ ಗೆರೆಗಳಲ್ಲಿ ಇಡುತ್ತಿದ್ದಳು: ಅಡ್ಡಗೆರೆ ಮೂಟೆಗೆ, ಚುಕ್ಕಿ ರಜೆಗೆ. 2001ರ ಕುಯ್ಲಿನ ಸಾಲಿನಲ್ಲಿ ಚುಕ್ಕಿಗಳೇ ಹೆಚ್ಚಿದ್ದವು. ಆ ಗೋಡೆಗೆ ಮುಂದೆ ಸುಣ್ಣ ಬಳಿಯಲಾಯಿತು. ಅದನ್ನು ಅಂದು ನಕಲು ಮಾಡಿಕೊಳ್ಳಬೇಕೆಂದು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ತೋಚಲಿಲ್ಲ; ಅದೊಂದು ದಾಖಲೆಯೆಂದು ತಿಳಿಯಲು ಜಾನಪದದ ಅಧ್ಯಯನ ಬೇಕಾಯಿತು.

ಇದರಿಂದ ಪದವಿಯ ಅರ್ಥಶಾಸ್ತ್ರ ನಿರುಪಯುಕ್ತವೆಂಬ ತೀರ್ಮಾನಕ್ಕೆ ಬರಲಾಗದು. ಬ್ರೆಜಿಲ್‌ನ ಹಿಮಕ್ಕೂ ನಮ್ಮ ಕಣದ ಬೆಲೆಗೂ ಇರುವ ಸಂಬಂಧವನ್ನು ಬಿಡಿಸಿ ತೋರಿಸಿದ್ದು ಆ ಶಾಸ್ತ್ರವೇ. ಗೋಡೆಯ ಗೆರೆ ದುಡಿದ ದಿನಗಳನ್ನು ಹೇಳಬಲ್ಲದು, ಕೆಲಸ ಏಕೆ ತಪ್ಪಿತೆಂದು ಹೇಳಲಾರದು. ಒಂದಿಲ್ಲದೆ ಇನ್ನೊಂದು ಅಪೂರ್ಣ. ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂದು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿ ಜಾರಿಯಾಯಿತು. ಓದಿನ ಅವಧಿಯಷ್ಟೇ ಅದರ ನೆಲೆಯೂ ಚರ್ಚೆಯಾಗಬೇಕಾಗಿದೆ. 2024–25ರಲ್ಲಿ ಕಾಫಿ ಬೆಲೆ ದಾಖಲೆಯ ಎತ್ತರಕ್ಕೇರಿತು. ತೋಟಗಳಲ್ಲಿ ಅಸ್ಸಾಂ, ಜಾರ್ಖಂಡ್‌ಗಳಿಂದ ಬಂದ ಕಾರ್ಮಿಕರು ಕಾಣಸಿಗುತ್ತಾರೆ. ಅವರ ಲೆಕ್ಕದ ಪದಗಳು ಬೇರೆ ಭಾಷೆಯವು. ಈ ಸೀಮೆಯ ಪ್ರತಿಯೊಬ್ಬ ಅರ್ಥಶಾಸ್ತ್ರ ವಿದ್ಯಾರ್ಥಿಯೂ ತನ್ನ ಮನೆಯ ಅಥವಾ ನೆರೆಯ ಲೈನ್ ಮನೆಯ ಒಂದು ಕುಯ್ಲಿನ ಲೆಕ್ಕವನ್ನು ಅವರದೇ ಮಾತಿನಲ್ಲಿ ಬರೆದಿಟ್ಟರೆ, ಗೇಣಿ, ಕೂಲಿ, ಬಡ್ಡಿ, ಲಾಭಗಳು ಹೊರಗೆ ಬಿಟ್ಟುಬಂದ ಅರ್ಥವನ್ನು ಶಾಸ್ತ್ರವು ಮರಳಿ ಪಡೆಯಲು ಸಾಧ್ಯವಾದೀತು.