ಉಗ್ರಾಣದ ಬೀಗದಕೈ

ಲಿನಕ್ಸ್ ಎಂದರೆ ಒಂದೇ ಸಾಮಾನು ಎಂದು ತಿಳಿದವರೇ ಹೆಚ್ಚು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆದು ಹಂಚಿದ್ದು ಕಂಪ್ಯೂಟರನ್ನು ನಡೆಸುವ ತಿರುಳನ್ನು ಮಾತ್ರ. ಬರೀ ಅಕ್ಕಿಯಿದ್ದರೆ ಊಟವಾದೀತೆ? ಬೇಳೆ, ಉಪ್ಪು, ಹುಳಿ ಎಲ್ಲವನ್ನೂ ಹಸನು ಮಾಡಿ ಉಗ್ರಾಣ ತುಂಬುವವರು ಬೇಕು. ಹಾಗೆ ತುಂಬಿಟ್ಟ ಉಗ್ರಾಣಕ್ಕೆ ಡಿಸ್ಟ್ರಿಬ್ಯೂಷನ್ ಎಂದು ಹೆಸರು. ಇಂಥವು ನೂರಾರಿವೆ.

ನಮ್ಮ ಶಾಲೆಯ ಕಂಪ್ಯೂಟರುಗಳಿಗೆ ಯಾವುದು ಎಂಬ ಪ್ರಶ್ನೆ ಬಂದಾಗ ನಾನು ಡೆಬಿಯನ್ ಎಂದೆ. ಅವುಗಳಲ್ಲಿ ಮಕ್ಕಳ ಅಂಕಪಟ್ಟಿ, ಮನೆ ವಿಳಾಸ, ತಾಯಂದಿರ ಫೋನ್ ನಂಬರು ಇರುತ್ತವೆ. ನೋಡಿಕೊಳ್ಳಲು ಇರುವವಳು ಚರಿತ್ರೆ ಪಾಠ ಮಾಡುವ ನಾನೊಬ್ಬಳೇ. ಚರಿತ್ರೆಯವಳಲ್ಲವೆ, ಮನೆತನ ವಿಚಾರಿಸಿಯೇ ಒಪ್ಪಿದೆ.

ಆಗ ಬಳಕೆಯಲ್ಲಿದ್ದ ಎಸ್.ಎಲ್.ಎಸ್. ಎಂಬುದರ ತಪ್ಪುಗಳಿಂದ ಬೇಸತ್ತ ಅಮೆರಿಕದ ವಿದ್ಯಾರ್ಥಿ ಇಯಾನ್ ಮರ್ಡಾಕ್ 1993ರ ಆಗಸ್ಟ್ 16ರಂದು ಇದನ್ನು ಪ್ರಕಟಿಸಿದ. ಗೆಳತಿ ಡೆಬ್ರಾಳ ಹೆಸರು ಮೊದಲು, ತನ್ನದು ಆಮೇಲೆ. (ನಮ್ಮಲ್ಲೂ ಮನೆಗೆ ಹೆಂಡತಿಯ ಹೆಸರಿಡುತ್ತಾರೆ, ಪತ್ರ ಮಾತ್ರ ಗಂಡನ ಹೆಸರಲ್ಲಿ!) ಇದಕ್ಕೆ ಯಜಮಾನರಿಲ್ಲ. ಕೆಲಸ ಮಾಡುವ ಸ್ವಯಂಸೇವಕರೇ ವರ್ಷಕ್ಕೊಮ್ಮೆ ಓಟು ಹಾಕಿ ಮುಖಂಡರನ್ನು ಆರಿಸುತ್ತಾರೆ. 2004ರಲ್ಲಿ ಬಂದ ಉಬುಂಟು ಇದರ ಬುಡದಿಂದಲೇ ಚಿಗುರಿದ್ದು.

ಹೊಸ ಸರಕು ಮೊದಲು ಹೋಗುವ ಕೋಣೆಗೆ ಸಿಡ್ ಎಂದು ಹೆಸರು. 'ಟಾಯ್ ಸ್ಟೋರಿ' ಚಿತ್ರದಲ್ಲಿ ಗೊಂಬೆ ಮುರಿಯುವ ಪಕ್ಕದ ಮನೆಯ ಹುಡುಗನ ಹೆಸರದು. ಅಲ್ಲಿ ದೊಡ್ಡ ದೋಷ ಕಾಣದಿದ್ದರೆ ಕೆಲವು ದಿನಗಳ ಮೇಲೆ ಪರೀಕ್ಷೆಯ ಕೋಣೆಗೆ. ಸುಮಾರು ಎರಡು ವರ್ಷಕ್ಕೊಮ್ಮೆ ಅಲ್ಲಿಂದ ಸ್ಥಿರ ಆವೃತ್ತಿಗೆ. ಆಮೇಲೆ ಅದಕ್ಕೆ ಬರುವುದು ಹೆಚ್ಚಾಗಿ ತೂತು ಮುಚ್ಚುವ ತೇಪೆಗಳೇ. 1999ರಿಂದ ಇರುವ ಆಪ್ಟ್ ಎಂಬ ಸಾಧನದಿಂದ ಒಂದೆರಡು ಸಾಲು ಬರೆದರೆ ಎಲ್ಲವೂ ಒಟ್ಟಿಗೆ ಸರಿಯಾಗುತ್ತದೆ. ನಮ್ಮ ಕಿರಿಯ ಮೇಷ್ಟ್ರು 'ಎಲ್ಲಾ ಹಳೇ ಸರಕು ಮೇಡಂ' ಎಂದು ಗೊಣಗುತ್ತಾರೆ. ಗೊಣಗಲಿ.

ಈ ಮನೆ ಎಡವಿಲ್ಲವೆಂದಲ್ಲ. 2006ರಲ್ಲಿ ಒಬ್ಬರು ಗುಪ್ತಲಿಪಿಯ ತಂತ್ರಾಂಶದಿಂದ ಬೇಡದ ಸಾಲೆಂದು ಒಂದನ್ನು ತೆಗೆದರು, ಗುಡಿಸುವಾಗ ಮೂಗುಬೊಟ್ಟು ಕಸದೊಡನೆ ಹೋದಂತೆ. ಆಮೇಲೆ ಹುಟ್ಟಿದ ಗುಪ್ತ ಕೀಲಿಗಳು ಒಂದೊಂದು ಬಗೆಗೆ ಬರೀ 32 ಸಾವಿರ ಚಿಲ್ಲರೆ. ಕಂಪ್ಯೂಟರಿಗೆ ಎಣಿಸಿ ನೋಡಲು ಅದೆಷ್ಟು ಹೊತ್ತು? ಪತ್ತೆ ಮಾಡಿದವರೂ ಮನೆಯವರೇ, ಲೂಸಿಯಾನೊ ಬೆಲ್ಲೊ. 2008ರ ಮೇ 13ರಂದು ಡೆಬಿಯನ್ ತಾನೇ ಸಾರಿ ಹೇಳಿ, ಎಲ್ಲರೂ ಕೀಲಿ ಬದಲಿಸಿ ಎಂದಿತು. ಮುಚ್ಚಿಡದೆ ಹೇಳುವ ಮನೆಯನ್ನೇ ನಾನು ನಂಬುವುದು.

2024ರದ್ದು ಬೇರೆ ಕಥೆ. ಎಕ್ಸ್‌ಜಡ್ ಎಂಬ ಸಣ್ಣ ತಂತ್ರಾಂಶವನ್ನು ಒಬ್ಬನೇ ನೋಡಿಕೊಂಡು ದಣಿದಿದ್ದ. ಜಿಯಾ ಟಾನ್ ಎಂಬ ಹೆಸರಿನಲ್ಲಿ ಯಾರೋ ಬಂದು ಎರಡು ವರ್ಷಕ್ಕೂ ಮೇಲೆ ನಯವಾಗಿ ಕೈಗೂಡಿಸಿ, ಬೀಗದಕೈ ಪಡೆದು, ಒಳಗೆ ಕಳ್ಳಬಾಗಿಲು ಕೊರೆದರು. ಸಿಡ್ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರಿಗೆ ಲಾಗಿನ್ ಅರ್ಧ ಸೆಕೆಂಡು ತಡವಾದದ್ದು ಸಂಶಯ ತಂದಿತು. ಮಾರ್ಚ್ 29ರಂದು ಗುಟ್ಟು ಬಯಲಾಯಿತು. ಕೆಟ್ಟದ್ದು ಆವೃತ್ತಿ 5.6.0 ಮತ್ತು 5.6.1. ನಮ್ಮ ಶಾಲೆಯ ಸ್ಥಿರ ಡೆಬಿಯನ್‌ನಲ್ಲಿ ಇದ್ದದ್ದು ಹಳೆಯ 5.4.1.